ಕುಣಿಯುವವರೂ ಪ್ರೆಶರ್ ನೋಡಿಸಬೇಕು: ನಮ್ಮ ಯಕ್ಷಗಾನ ತಂಡದ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಹವ್ಯಾಸಿ ಯಕ್ಷಗಾನ ತಂಡ ಇದೆ. ಹಗಲು ಅಡಿಕೆ ತೋಟ, ಶಾಲೆ, ಅಂಗಡಿ ಅಂತ ಎಲ್ಲರಿಗೂ ಅವರವರ ಕೆಲಸ. ವಾರಕ್ಕೊಮ್ಮೆ ಸಂಜೆ ಅಭ್ಯಾಸ. ಹೆಚ್ಚಿನವರಿಗೆ 40 ದಾಟಿದೆ, ಕೆಲವರು 55ರ ಆಸುಪಾಸು. ನಮ್ಮ ಕಡೆಯ ತೆಂಕುತಿಟ್ಟು ಶೈಲಿಯ ಕುಣಿತ ನೋಡಿದವರಿಗೆ ಗೊತ್ತು, ಭಾರದ ವೇಷ ಕಟ್ಟಿಕೊಂಡು ದಿಗಿಣ ಅಂತ ಗಿರಕಿ ಹೊಡೆದು ಹಾರಿ, ಕೂಡಲೇ ಅರ್ಥ, ಅಂದರೆ ಪಾತ್ರದ ಮಾತು ಹೇಳಲು ಉಸಿರು ಉಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಇಷ್ಟು ಕುಣಿಯುವವರಿಗೆ ಎಂತ ಕಾಯಿಲೆ ಅಂತಲೇ ನಮ್ಮವರ ಲೆಕ್ಕ. ತಪಾಸಣೆಯ ಮಾತೆತ್ತಿದಾಗ ನಮ್ಮ ಚೆಂಡೆಯವರು ಕೇಳಿದ್ದು ಒಂದೇ ಪ್ರಶ್ನೆ: "ನಂಗೆಂತ ಆಗಿದೆ ಅಂತ ರಕ್ತ ಕೊಡುವುದು ಭಾವ?"

ಅವರಿಗೂ ತೋಟ ಇದೆ. ಹಾಗಾಗಿ ತೋಟದ ಮಾತಿನಲ್ಲೇ ಹೇಳಿದೆ. ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು, ಕಾಯಿ ಉದುರಿದ ಮೇಲೆ ಅಲ್ಲ, ಅಲ್ವಾ? ಅವರು ಮತ್ತೆ ವಾದ ಮಾಡಲಿಲ್ಲ.

ನನಗೆ ಇದು ತಲೆಗೆ ಹೊಕ್ಕಿದ್ದು ನಮ್ಮ ಅಪ್ಪನಿಂದಾಗಿ. ಅಪ್ಪ ದಿನವಿಡೀ ತೋಟದಲ್ಲಿ ದುಡಿಯುತ್ತಿದ್ದ ಮನುಷ್ಯ, ಸಪೂರ ದೇಹ, ಜ್ವರ ಬಂದು ಮಲಗಿದ್ದೂ ಕಡಿಮೆ. 52ಕ್ಕೆ ಹಾರ್ಟ್ ಅಟ್ಯಾಕ್ ಆಯಿತು. ಅಪ್ಪ, ಅಣ್ಣತಮ್ಮಂದಿರಲ್ಲಿ 55ರ ಒಳಗೆ ಅಥವಾ ಅಮ್ಮ, ಅಕ್ಕತಂಗಿಯರಲ್ಲಿ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದು ನಮಗೂ ಒಂದು ಎಚ್ಚರಿಕೆ ಎಂದು ಡಾಕ್ಟರು ಹೇಳಿದರು. ನಾನು ಮೊದಲು ಮಾಡಿಸಿಕೊಂಡೆ. ಪ್ರೆಶರ್ ಸರಿ, ಶುಗರ್ ಸರಿ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಮಾತ್ರ ಜಾಸ್ತಿ, 168. ಅಪ್ಪನ ಕಥೆ, ನನ್ನ ವಯಸ್ಸು, ಈ ಸಂಖ್ಯೆ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿ ಅವರು ಮಾತ್ರೆ ಶುರು ಮಾಡಿದರು. ಮೈಯಲ್ಲಿ ಒಂದೇ ಒಂದು ಲಕ್ಷಣ ಇರಲಿಲ್ಲ. ಅದರ ಹಿಂದಿನ ವಾರವಷ್ಟೇ ವೇಷ ಮಾಡಿದ್ದೆ.

ಆಮೇಲೆ ತಂಡದವರನ್ನು ಒಟ್ಟು ಸೇರಿಸಿದೆ. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳನ್ನೇ ಆರಿಸಿಕೊಂಡೆವು. ವರ್ಷದ ಆಟ ನಿಲ್ಲುವ ದಿನವಾದ ಪತ್ತನಾಜೆ ಕಳೆದಿರುತ್ತದೆ, ಯಕ್ಷಗಾನದ ಆಟಗಳಿಲ್ಲ, ತೋಟದಲ್ಲೂ ಕೆಲಸ ಸ್ವಲ್ಪ ಕಡಿಮೆ. ಆಟಿ ಅಮಾವಾಸ್ಯೆಯ ದಿನ ಮಾತ್ರ ಬೇಡ ಎಂದೆವು. ಅವತ್ತು ಬೆಳಿಗ್ಗೆ ಎದ್ದು ಎಲ್ಲರೂ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬರಿ ಹೊಟ್ಟೆಯ ರಕ್ತ ಎಂದರೆ 8 ಗಂಟೆಗಿಂತ ಜಾಸ್ತಿ ಹೊತ್ತು ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಬಾರದು. ಕಷಾಯವೂ ಬೇಡ, ಚಾಯವೂ ಬೇಡ, ಬಾಯಿಗೆ ಎಲೆ ಅಡಿಕೆಯೂ ಬೇಡ.

ಮೈ ಮುರಿದು ದುಡಿಯುವವರಿಗೆ ಇನ್ನೊಂದು ಮಾತು ಇದೆ. ಇದನ್ನು ಲ್ಯಾಬಿನಲ್ಲಿ ಯಾರೂ ಹೇಳುವುದಿಲ್ಲ. ಚುರುಕಾಗಿ ಕುಣಿಯುವ ತರುಣ ಪಾತ್ರ, ಅಂದರೆ ಪುಂಡುವೇಷ ಮಾಡುವ ನಮ್ಮವರೊಬ್ಬರು ಹಿಂದೊಮ್ಮೆ ರಾತ್ರಿಯಿಡೀ ಕುಣಿದು ಮರುದಿನ ಬೆಳಿಗ್ಗೆ ರಕ್ತ ಕೊಟ್ಟಿದ್ದರು. ರಿಪೋರ್ಟಿನಲ್ಲಿ ಲಿವರಿಗೆಂದು ನೋಡುವ ಎನ್‌ಜೈಮು ಎಸ್‌ಜಿಒಟಿ ಜಾಸ್ತಿ, ಮೂತ್ರದಲ್ಲಿ ಸ್ವಲ್ಪ ಪ್ರೋಟೀನು. ಲಿವರ್ ಹೋಯಿತು, ಕಿಡ್ನಿ ಹೋಯಿತು ಎಂದು ಮನೆಯವರೆಲ್ಲ ಹೆದರಿದರು. ವಿಷಯ ಇಷ್ಟೇ, ಜೋರಾಗಿ ಮೈ ದಂಡಿಸಿದ ಮೇಲೆ ಮಾಂಸಖಂಡದಿಂದಲೂ ಆ ಎನ್‌ಜೈಮು ರಕ್ತಕ್ಕೆ ಬರುತ್ತದೆ. ಕಿಡ್ನಿಗೆಂದು ನೋಡುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಏರಬಹುದು. ಕೆಲವು ದಿನ ವಿಶ್ರಾಂತಿ ತೆಗೆದುಕೊಂಡು ಮತ್ತೆ ಮಾಡಿಸಿದಾಗ ಎಲ್ಲ ಸರಿ ಇತ್ತು. ಹಾಗಾಗಿ ತಪಾಸಣೆಗೆ ಎರಡು ದಿನ ಮೊದಲೇ ಅಭ್ಯಾಸ ನಿಲ್ಲಿಸಿದೆವು. ಭಾರ ಹೊರುವ ಕೆಲಸವನ್ನೂ ಮುಂದೆ ಹಾಕಿ ಅಂದೆವು. ವಾಲಿಬಾಲ್ ಆಡುವವರು, ಜಿಮ್ಮಿಗೆ ಹೋಗುವವರು, ಬೆಳಿಗ್ಗೆ ಓಡುವವರು ಇದನ್ನು ನೆನಪಿಡಿ.

ಪ್ರೆಶರ್ ನೋಡುವುದಕ್ಕೆ ನಾವು ತುಂಬಾ ಹೊತ್ತು ಕೊಟ್ಟೆವು. ಹೆಚ್ಚಿನ ಕಡೆ ನೋಡುವ ಕ್ರಮವೇ ಸರಿ ಇರುವುದಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ನಿಂತಲ್ಲೇ ಕೈ ಚಾಚಿಸಿ, ಮಾತಾಡಿಸುತ್ತಲೇ ನೋಡುತ್ತಾರೆ. ನಮ್ಮ ಅಭ್ಯಾಸದ ಕೋಣೆಯಲ್ಲಿ ಬೆನ್ನಿಗೆ ಆಧಾರ ಇರುವ ಕುರ್ಚಿ ಹಾಕಿದೆವು. ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಮೂತ್ರ ಮಾಡಿ ಬಂದು 5 ನಿಮಿಷ ಸುಮ್ನೆ ಕೂರಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆ ಚಾಯ, ಬೀಡಿ, ಎಲೆ ಅಡಿಕೆ ಇಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆದೆವು. ತೋಳು ದಪ್ಪ ಇದ್ದವರಿಗೆ ದೊಡ್ಡ ಪಟ್ಟಿ ಬೇಕು. ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಪ್ರೆಶರ್ ತೋರಿಸುತ್ತದೆ.

ಎಂತ ಆಗಿದೆ ಅಂತ ಕೇಳಿದ ಚೆಂಡೆಯವರಿಗೆ ಬಂದದ್ದು 158/96. ಎರಡನೇ ಸಲ 154/94. ತಲೆನೋವಿಲ್ಲ, ತಲೆಸುತ್ತಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಒಂದು ದಿನದ ಸಂಖ್ಯೆ ನೋಡಿ ಮಾತ್ರೆ ಕೊಡುವುದು ಬೇಡ ಎಂದು ಡಾಕ್ಟರು ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡಿ ಬರೆಯಲು ಹೇಳಿದರು. ತಂಡದ ದುಡ್ಡಿನಲ್ಲಿ ತೋಳಿಗೆ ಕಟ್ಟುವ ಮೆಷಿನ್ ತೆಗೆದುಕೊಂಡಿದ್ದೆವು, ಅದನ್ನೇ ಕೊಟ್ಟೆವು. ಆಸ್ಪತ್ರೆಯಲ್ಲಿ 140/90 ಆಚೆ ಹೋದರೆ ಜಾಸ್ತಿ ಅನ್ನುತ್ತಾರೆ. ಮನೆಯಲ್ಲಿ ನೋಡುವಾಗ ಗೆರೆ ಇನ್ನೂ ಕೆಳಗೆ, 135/85. ಇವರ ವಾರದ ಸರಾಸರಿಯೂ ಅದಕ್ಕಿಂತ ಮೇಲೆಯೇ ಇತ್ತು. ಈಗ ದಿನಕ್ಕೊಂದು ಮಾತ್ರೆ, ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ. ಚೆಂಡೆ ಮೊದಲಿನಂತೆಯೇ ಬಾರಿಸುತ್ತಾರೆ.

ಶುಗರ್ ವಿಷಯದಲ್ಲಿ ನಮಗೆ ಆಶ್ಚರ್ಯ ಮಾಡಿದ್ದು ತಂಡದ ಅತಿ ಸಪೂರ ಕಲಾವಿದರು. ತಿಂದದ್ದು ಮೈಗೆ ಹತ್ತುವುದೇ ಇಲ್ಲ ಎಂದು ಎಲ್ಲರೂ ಹೇಳುವ ದೇಹ. ಬರಿ ಹೊಟ್ಟೆಯ ಶುಗರ್ 118, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2. ಬರಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಎಂದರೆ ಕಾಯಿಲೆ ಇನ್ನೂ ಬಂದಿಲ್ಲ, ಬರುವ ದಾರಿಯಲ್ಲಿದೆ. 126 ಮತ್ತು 6.5ರಿಂದ ಮೇಲೆ ಮಧುಮೇಹ. ನಮ್ಮ ದೇಶದವರಿಗೆ ಹೊಟ್ಟೆ ಬಾರದೆಯೂ ಶುಗರ್ ಬರುತ್ತದೆ. ಇವರ ಅಮ್ಮನಿಗೂ ಇತ್ತು. ಆದರೂ ಸೊಂಟದ ಸುತ್ತಳತೆ ಎಲ್ಲರದ್ದೂ ತೆಗೆದೆವು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಜಾಗ್ರತೆ ಬೇಕು. ಟೈಲರ್ ಟೇಪು ಒಂದಿದ್ದರೆ ಸಾಕು, ಖರ್ಚೇ ಇಲ್ಲ.

ಅವರಿಗೆ ಮಾತ್ರೆ ಕೊಡಲಿಲ್ಲ. ಊಟದ ಲೆಕ್ಕ ತೆಗೆದೆವು. ಆಟ ಇರುವ ದಿನ ರಾತ್ರಿ ಪಾಯಸದ ಊಟ, ವೇಷ ಕಟ್ಟುವ ಚೌಕಿಯಲ್ಲಿ ಮಧ್ಯರಾತ್ರಿ ಮೇಲೆ ಸಕ್ಕರೆ ತುಂಬಿದ ಚಾಯ ಎರಡು ಮೂರು ಸಲ, ಬೆಳಗಾದ ಮೇಲೆ ತಿಂಡಿ ತಿಂದು ಮಧ್ಯಾಹ್ನದವರೆಗೆ ನಿದ್ದೆ. ಈಗ ಚೌಕಿಗೆ ಸಕ್ಕರೆ ಬೇರೆ, ಚಾಯ ಬೇರೆ ಬರುತ್ತದೆ. ಮನೆಯಲ್ಲಿ ಅನ್ನ ಕಡಿಮೆ ಮಾಡಿ ಹೆಸರುಕಾಳು, ಬಸಳೆ, ತೊಂಡೆ ಜಾಸ್ತಿ ಮಾಡಿದ್ದಾರೆ. ಮುಂದಿನ ಸಲ ನೋಡಿದಾಗ ಬರಿ ಹೊಟ್ಟೆಯದ್ದು 104ಕ್ಕೆ ಇಳಿದಿತ್ತು.

ಇನ್ನು ಬಾಯಿ. ನಾನೂ ಅಡಿಕೆ ಬೆಳೆಯುವವನೇ, ನಮ್ಮ ಮನೆ ನಡೆಯುವುದೇ ಅದರಿಂದ. ಆದರೂ ಇದನ್ನು ಬರೆಯಲೇಬೇಕು. ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ನಮ್ಮ ಊರಿನಲ್ಲಿ ರಾತ್ರಿ ನಿದ್ದೆಗೆಡುವವರ ಕೈಯಲ್ಲಿ ಎಲೆ ಚೀಲ ಇದ್ದೇ ಇರುತ್ತದೆ.

ಮದ್ದಳೆ ನುಡಿಸುವ ನಮ್ಮ ಹಿರಿಯರೊಬ್ಬರಿಗೆ ಖಾರ ತಿಂದರೆ ಬಾಯಿ ಉರಿ. ವಯಸ್ಸಾಯಿತು ಎಂದೇ ಅವರು ಬಿಟ್ಟಿದ್ದರು. ಹಲ್ಲಿನ ಡಾಕ್ಟರು ಅವರದ್ದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಇಡಲು ಹೇಳಿದರು. ಎರಡೇ ಹೋಯಿತು. ಟಾರ್ಚ್ ಬಿಟ್ಟು ಕೆನ್ನೆಯ ಒಳಭಾಗ ಎಳೆದು ನೋಡಿದಾಗ ಚರ್ಮ ಬಿಳಿಚಿ ಗಟ್ಟಿಯಾಗಿತ್ತು. ಎಲೆ ಇಡುವ ಬದಿಯಲ್ಲೇ ಉಜ್ಜಿದರೂ ಹೋಗದ ಒಂದು ಬಿಳಿ ಕಲೆ ಇತ್ತು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಅವರ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಕ್ಯಾನ್ಸರ್ ಇರಲಿಲ್ಲ, ಮುಂದೆ ಅದಕ್ಕೆ ತಿರುಗಬಹುದಾದ ಸ್ಥಿತಿ. ಅವರು ಎಲೆ ಚೀಲವನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು. ಆಮೇಲೆ ಪೂರ್ತಿ ಬಿಟ್ಟರು. ಈಗಲೂ ಆಗಾಗ ತೋರಿಸಿ ಬರುತ್ತಾರೆ. ಈ ಪರೀಕ್ಷೆಗೂ ಹೆಚ್ಚು ಖರ್ಚಿಲ್ಲ. ಒಂದು ಟಾರ್ಚ್, ಒಂದು ಕನ್ನಡಿ, ನೋಡಲು ತಿಳಿದ ಒಬ್ಬರು. ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ, ಇದರಲ್ಲಿ ಒಂದಿದ್ದರೂ ತಡಮಾಡಬೇಡಿ.

ಫುಲ್ ಬಾಡಿ ಚೆಕಪ್ ಅಂತ ಪ್ಯಾಕೇಜು ಬರುತ್ತದಲ್ಲ, ಅದಕ್ಕೆ ನಾವು ಹೋಗಲಿಲ್ಲ. ಲಕ್ಷಣವೇ ಇಲ್ಲದವರಿಗೆ ಕ್ಯಾನ್ಸರ್ ಮಾರ್ಕರು ಅಂತ ರಕ್ತ ತೆಗೆಯುವುದರಿಂದ ಹೆದರಿಕೆ ಹುಟ್ಟುವುದೇ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ಪ್ರೆಶರ್, ಶುಗರ್, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಮೂತ್ರ, ಬಾಯಿ, ಸೊಂಟ. ನಮಗೆ ಇಷ್ಟು ಸಾಕಾಯಿತು. ಟ್ರೆಡ್‌ಮಿಲ್ ಟೆಸ್ಟ್ ಎಲ್ಲರಿಗೂ ಬೇಕಾ ಎಂದು ಕೇಳಿದಾಗ ಡಾಕ್ಟರು ಬೇಡ ಅಂದರು. ಕುಣಿಯುವಾಗ ಎದೆ ಬಿಗಿದರೆ, ಹಿಂದೆ ಇಲ್ಲದ ಏದುಸಿರು ಬಂದರೆ, ಕಣ್ಣು ಕತ್ತಲೆ ಬಂದರೆ ಮಾತ್ರ ವೇಷ ಬಿಟ್ಟು ಮೊದಲು ಅವರ ಹತ್ತಿರ ಬರಬೇಕು. ಇಸಿಜಿ ಸರಿ ಇದ್ದ ಮಾತ್ರಕ್ಕೆ ರಕ್ತನಾಳವೂ ಸರಿ ಇದೆ ಎಂದಾಗುವುದಿಲ್ಲ ಎಂದೂ ಹೇಳಿದರು. 35 ದಾಟಿದವರು ಆಟೋಟದ ನಡುವೆ ಕುಸಿದು ಬಿದ್ದರೆ ಹೆಚ್ಚಿನ ಸಲ ಕಾರಣ ಹೃದಯದ ರಕ್ತನಾಳದ ತಡೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದದ್ದು.

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಮುಖ್ಯ. ದೊಡ್ಡ ಕಾಯಿಲೆ ಎಂದರೆ ಇಲ್ಲಿಂದ ಮಂಗಳೂರಿಗೆ ಓಡುವುದು ಮೊದಲಿನಿಂದಲೂ ಇದೆ. 2020ರ ಮಾರ್ಚಿನಲ್ಲಿ ಕೊರೋನಾ ಹೊತ್ತಿಗೆ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸಿಗೂ ದಾರಿ ಸಿಗದೆ ಗಡಿನಾಡಿನ ಕೆಲವರು ತೀರಿಹೋದರು. ಹೃದಯದ ತುರ್ತು ಬಂದಾಗ ಒಂದೊಂದು ನಿಮಿಷಕ್ಕೂ ಬೆಲೆ ಇದೆ, ನಾವು ಇರುವುದು ದೂರದಲ್ಲಿ. ಪ್ರೆಶರ್ ನೋಡುವುದಕ್ಕೆ ಮಂಗಳೂರು ಬೇಡ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪ್ರೆಶರ್, ಶುಗರ್ ನೋಡುತ್ತಾರೆ, ಅದರ ಮಾತ್ರೆಯೂ ಸಿಗುತ್ತದೆ. 2022ರಿಂದ ಕೇರಳದಲ್ಲಿ 30 ದಾಟಿದವರ ಮನೆಮನೆಗೆ ಆಶಾ ಕಾರ್ಯಕರ್ತೆಯರು ಬಂದು 'ಶೈಲಿ' ಆ್ಯಪಿನಲ್ಲಿ ವಿವರ ಬರೆದುಕೊಳ್ಳುತ್ತಿದ್ದಾರೆ. ಬೀಡಿ, ಎಲೆ ಅಡಿಕೆ, ಮನೆಯವರ ಕಾಯಿಲೆ, ಸೊಂಟದ ಅಳತೆ, ಎಲ್ಲ ಕೇಳುತ್ತಾರೆ. ಅಪಾಯ ಜಾಸ್ತಿ ಕಂಡವರನ್ನು ಕೇಂದ್ರಕ್ಕೆ ಕಳಿಸುತ್ತಾರೆ. ಅವರು ಬಂದಾಗ ದಯವಿಟ್ಟು ತೋಟದಿಂದ ಎದ್ದು ಬಂದು ಉತ್ತರ ಕೊಡಿ, ಮನೆಯವರ ಹತ್ತಿರ "ಅವರಿಗೆ ಎಂತದ್ದೂ ಇಲ್ಲ" ಅಂತ ಹೇಳಿಸಬೇಡಿ.

ಎಲ್ಲರ ಸಂಖ್ಯೆಯನ್ನೂ ಅವರವರ ಹೆಸರಿನ ಸಣ್ಣ ಪುಸ್ತಕದಲ್ಲಿ ಬರೆದು ಅವರಿಗೇ ಕೊಟ್ಟೆವು. ಬೇರೆಯವರದ್ದನ್ನು ಚೌಕಿಯಲ್ಲಿ ಮಾತಾಡಬಾರದು ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಇಲ್ಲಿ ಬರೆದದ್ದೂ ಅವರನ್ನು ಕೇಳಿಯೇ. ಪ್ರೆಶರ್, ಶುಗರ್ ವರ್ಷಕ್ಕೊಮ್ಮೆ ನೋಡುತ್ತೇವೆ, ಮಾತ್ರೆ ತೆಗೆದುಕೊಳ್ಳುವವರದ್ದು ಡಾಕ್ಟರು ಹೇಳಿದಾಗಲೆಲ್ಲ.

ಈ ಆಟಿಯಲ್ಲಿ ಮನೆಯ ಹೆಂಗಸರದ್ದೂ ಮಾಡಿಸಬೇಕೆಂದಿದೆ. ತಂಡದಲ್ಲಿ ವೇಷ ಮಾಡುವ ಅಕ್ಕಂದಿರೂ ಇದ್ದಾರೆ. ಸರಕಾರದ ಕಾರ್ಯಕ್ರಮದಲ್ಲೇ 30 ದಾಟಿದ ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ 5 ವರ್ಷಕ್ಕೊಮ್ಮೆ ಆಗಬೇಕು ಎಂದಿದೆ. ಗಂಡಸರು ಎದುರು ನಿಂತರೆ ಅವರಿಗೆ ಸಂಕೋಚ. ಹಾಗಾಗಿ ದಿನ ಗೊತ್ತು ಮಾಡುವುದು, ಸಿಸ್ಟರ ಹತ್ತಿರ ಮಾತಾಡುವುದು ಎಲ್ಲವನ್ನೂ ನಮ್ಮ ಮನೆಯಾಕೆ ಮತ್ತು ತಂಡದ ಇಬ್ಬರು ಅಕ್ಕಂದಿರು ವಹಿಸಿಕೊಂಡಿದ್ದಾರೆ. ಅವರನ್ನು ಕರೆದುಕೊಂಡು ಹೋಗಲು ಜೀಪು ನಾನು ಗೊತ್ತು ಮಾಡಿದ್ದೇನೆ.