ತೆರಿಗೆ ಕಾಗದದಲ್ಲಿ ಊರು ಬಿಟ್ಟವರನ್ನು ಹುಡುಕಿದ್ದು

ಹ್ಯೂಸ್ಟನ್‌ನಲ್ಲಿ ನನ್ನ ಪಕ್ಕದ ಮನೆಯವರು ನ್ಯೂ ಆರ್ಲಿಯನ್ಸ್‌ನವರು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ ಒಡ್ಡುಗಳು ಒಡೆದಾಗ ಊರು ಬಿಟ್ಟು ಬಂದವರು, ಇಲ್ಲೇ ಉಳಿದರು. ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟುಕೊಟ್ಟು ನವನಗರ ಸೇರಿದ ಮನೆತನ ನಮ್ಮದು. ಪಕ್ಕದ ಮನೆಯಾಕೆ ತಮ್ಮ ಓಣಿಯ ಸುದ್ದಿ ಹೇಳುವಾಗ ನನಗೆ ನಮ್ಮ ಓಣಿ ಕಣ್ಮುಂದೆ ಬರುತ್ತಿತ್ತು. ನನ್ನ ಉದ್ಯೋಗ ಅಂಕಿಅಂಶದ್ದು. ಅವರ ಊರಿನವರು ಎಷ್ಟು ಜನ, ಎಲ್ಲೆಲ್ಲಿಗೆ ಹೋದರು ಅಂತ ಲೆಕ್ಕ ಹಾಕಲೇಬೇಕು ಅನ್ನಿಸಿತು.

ಅಮೆರಿಕದಲ್ಲಿ ಊರು ಬದಲಾಯಿಸಿದರೆ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಬೇಕು ಅಂತೇನಿಲ್ಲ. ಆದರೆ ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್‌ನಲ್ಲಿ ಮನೆ ವಿಳಾಸ ಬರೆಯುತ್ತಾರೆ. ಹೋದ ವರ್ಷದ ರಿಟರ್ನ್ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಿದಾಗ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಬೇರೆ ಇದ್ದರೆ ಆ ಮನೆಯವರು ವಲಸೆ ಹೋಗಿದ್ದಾರೆ ಅಂತ ಅರ್ಥ. ತೆರಿಗೆ ಇಲಾಖೆಯಾದ ಐಆರ್‌ಎಸ್ ಈ ಲೆಕ್ಕವನ್ನು ಹೆಸರಿಲ್ಲದೆ, ಒಟ್ಟು ಸಂಖ್ಯೆಯಾಗಿ ಪ್ರಕಟಿಸುತ್ತದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದು ಕೌಂಟಿಯಿಂದ ಇನ್ನೊಂದಕ್ಕೆ ಎಷ್ಟು ರಿಟರ್ನ್ ಹೋದವು, ಅವುಗಳಲ್ಲಿ ಎಷ್ಟು ಜನರ ಹೆಸರಿನಲ್ಲಿ ತೆರಿಗೆ ವಿನಾಯಿತಿ ಇತ್ತು (ಈಗಿನ ಫೈಲ್‌ಗಳಲ್ಲಿ ಇದನ್ನು ವ್ಯಕ್ತಿಗಳ ಸಂಖ್ಯೆ ಅಂತಾರೆ), ಒಟ್ಟು ಆದಾಯ ಎಷ್ಟು ಸಾವಿರ ಡಾಲರ್ ಅಂತ ಮೂರು ಸಂಖ್ಯೆ ಸಿಗುತ್ತವೆ. ರಿಟರ್ನ್ ಅಂದರೆ ಹೆಚ್ಚುಕಡಿಮೆ ಒಂದು ಮನೆ, ವಿನಾಯಿತಿ ಅಂದರೆ ಹೆಚ್ಚುಕಡಿಮೆ ಒಬ್ಬ ಮನುಷ್ಯ.

ನನಗೆ ಬೇಕಾದ ಸಾಲು ಹೀಗಿತ್ತು: 22, 071, 48, 201. ಲೂಯಿಸಿಯಾನಾದ ಸಂಖ್ಯೆ 22, ಆರ್ಲಿಯನ್ಸ್ ಪ್ಯಾರಿಷ್‌ನದು 071. ಆ ರಾಜ್ಯದಲ್ಲಿ ಕೌಂಟಿಗೆ ಪ್ಯಾರಿಷ್ ಅಂತಾರೆ. ನ್ಯೂ ಆರ್ಲಿಯನ್ಸ್ ನಗರ, ಆರ್ಲಿಯನ್ಸ್ ಪ್ಯಾರಿಷ್ ಎರಡರ ಗಡಿಯೂ ಒಂದೇ. 48 ಟೆಕ್ಸಾಸ್, 201 ಹ್ಯಾರಿಸ್ ಕೌಂಟಿ, ಅಂದರೆ ನಮ್ಮ ಹ್ಯೂಸ್ಟನ್.

ಮೊದಲ ದಿನವೇ ಎಡವಿದೆ. ಫೈಲನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ 071 ಹೋಗಿ ಬರೀ 71 ಆಗಿತ್ತು. ಲೆಕ್ಕವನ್ನು ನಕ್ಷೆಯಲ್ಲಿ ತೋರಿಸಲು ಬಳಸಿದ ಫೈಲ್‌ನಲ್ಲಿ 22071 ಅಂತ ಇರುತ್ತೆ, ಎರಡೂ ಹೊಂದಲೇ ಇಲ್ಲ. ರಾಜ್ಯಕ್ಕೆ ಎರಡು ಅಂಕಿ, ಕೌಂಟಿಗೆ ಮೂರು ಅಂಕಿ ಬರುವ ಹಾಗೆ ಮುಂದೆ ಸೊನ್ನೆ ತುಂಬಿಸಿ, ಪಠ್ಯವಾಗಿಯೇ ಇಟ್ಟುಕೊಂಡ ಮೇಲೆ ಸರಿಹೋಯಿತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಇಡೀ ಕಾಲಂ ಕೂಡಿಸಿಬಿಟ್ಟೆ. ರಾಜ್ಯದ ಜಾಗದಲ್ಲಿ 96, 97, 98 ಇರುವ ಸಾಲುಗಳು ರಾಜ್ಯಗಳಲ್ಲ, ಮೊದಲೇ ಕೂಡಿಸಿಟ್ಟ ಮೊತ್ತಗಳು. ಊರು ಬಿಟ್ಟವರನ್ನು ಎರಡೆರಡು ಸಲ ಎಣಿಸಿದ್ದೆ. ಹೊರಟ ಜಾಗ, ಸೇರಿದ ಜಾಗ ಎರಡೂ ಒಂದೇ ಇರುವ ಸಾಲೂ ಒಂದಿರುತ್ತೆ. ಅವರು ಊರಲ್ಲೇ ಉಳಿದವರು. ಆ ಸಾಲನ್ನು ಮಾತ್ರ ಎಸೆಯಬೇಡಿ. ನೂರಕ್ಕೆ ಎಷ್ಟು ಜನ ಹೋದರು ಅಂತ ಹೇಳಬೇಕಾದರೆ ಹೋದವರನ್ನು, ಉಳಿದವರು ಮತ್ತು ಹೋದವರ ಮೊತ್ತದಿಂದ ಭಾಗಿಸಬೇಕು. ಜನಗಣತಿಯ ಜನಸಂಖ್ಯೆಯಿಂದ ಭಾಗಿಸಿದರೆ ಉತ್ತರ ತಪ್ಪುತ್ತೆ, ಯಾಕಂದರೆ ಎಲ್ಲರೂ ರಿಟರ್ನ್ ಹಾಕಿರೋದಿಲ್ಲ.

ಕೌಂಟಿಯಿಂದ ಕೌಂಟಿಗೆ ಹೋದ ಜನರ ಸಣ್ಣ ಸಣ್ಣ ಹರಿವುಗಳು ಕಾಣಿಸೋದಿಲ್ಲ. ಯಾರ ಗುಟ್ಟೂ ಹೊರಬೀಳಬಾರದು ಅಂತ ಹಿಂದೆ 10ಕ್ಕಿಂತ ಕಡಿಮೆ ರಿಟರ್ನ್ ಇದ್ದ ಕೌಂಟಿ ಜೋಡಿಗಳನ್ನು ಬೇರೆಯಾಗಿ ತೋರಿಸುತ್ತಿರಲಿಲ್ಲ, 2013-14ರಿಂದ ಆ ಮಿತಿ 20. ಹೊಸ ಫೈಲ್‌ಗಳಲ್ಲಿ ಮುಚ್ಚಿಟ್ಟ ಕಡೆ -1 ಅಂತ ಇರುತ್ತೆ. ಕೂಡಿಸುವ ಮುಂಚೆ ಅದನ್ನು ತೆಗೆಯಿರಿ.

ಇನ್ನು ಕಾಲದ ವಿಷಯ. ನಾನು ಜಾಸ್ತಿ ದಿನ ಕೂತಿದ್ದು ಇದರ ಮೇಲೆಯೇ. 2005-06ರ ಫೈಲ್ ಅಂದರೆ 2005ರಲ್ಲಿ ಹಾಕಿದ ರಿಟರ್ನ್ ಮತ್ತು 2006ರಲ್ಲಿ ಹಾಕಿದ್ದು. ಮೊದಲನೆಯದನ್ನು ಬಹುತೇಕರು ಏಪ್ರಿಲ್ ಒಳಗೆ, ನೀರು ಬರುವ ಮುಂಚೆಯೇ ಹಾಕಿದ್ದರು. ಎರಡು ಫೋಟೋ ತೆಗೆದು ಪಕ್ಕಪಕ್ಕ ಇಟ್ಟ ಹಾಗೆ ಇದು. ನಡುವೆ ನಡೆದಿದ್ದು ಫೋಟೋದಲ್ಲಿ ಬರೋದಿಲ್ಲ. ಸೆಪ್ಟೆಂಬರ್‌ನಲ್ಲಿ ಊರು ಬಿಟ್ಟು ಮಾರ್ಚ್‌ನಲ್ಲಿ ವಾಪಸ್ ಬಂದವರು ಕದಲೇ ಇಲ್ಲ ಅಂತ ಲೆಕ್ಕ. ಪಕ್ಕದ ಮನೆಯಾಕೆಯನ್ನು ಕೇಳಿದೆ, ಮೊದಲ ವರ್ಷ ಯಾವ ವಿಳಾಸ ಬರೆದಿರಿ ಅಂತ. ಹಳೇ ಮನೆಯದ್ದೇ ಬರೆದರಂತೆ. ಹೇಗಿದ್ದರೂ ವಾಪಸ್ ಹೋಗುತ್ತೇವಲ್ಲ ಅಂದುಕೊಂಡಿದ್ದರಂತೆ. ಅವರ ಕಣ್ಣು ತುಂಬಿತ್ತು. ಆ ಮನೆಯವರು ಊರು ಬಿಟ್ಟಿದ್ದು 2005ರಲ್ಲಿ, ಫೈಲ್‌ನಲ್ಲಿ ಹೊರಟಿದ್ದು 2006-07ರಲ್ಲಿ. ಅವತ್ತಿನಿಂದ ನಾನು ಒಂದೇ ವರ್ಷದ ಫೈಲ್ ನೋಡಿ ಏನನ್ನೂ ಹೇಳುವುದಿಲ್ಲ.

ಸಂತ್ರಸ್ತರಿಗೆ ರಿಟರ್ನ್ ಹಾಕುವ ಗಡುವನ್ನೂ ಸರ್ಕಾರ ಮುಂದೂಡಿತ್ತು. ಆದರೆ 2010-11ರವರೆಗಿನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಂದ ರಿಟರ್ನ್‌ಗಳು ಮಾತ್ರ ಸೇರುತ್ತಿದ್ದವು. ತಡವಾಗಿ ಹಾಕಿದವರು ಬಿಟ್ಟುಹೋದರು. 2011-12ರಿಂದ ವಿಧಾನವೇ ಬದಲಾಯಿತು. ಪೂರ್ತಿ ವರ್ಷದ ರಿಟರ್ನ್ ತೆಗೆದುಕೊಂಡರು, ಗಂಡ ಹೆಂಡತಿ, ಅವಲಂಬಿತರ ತೆರಿಗೆ ಗುರುತಿನ ಸಂಖ್ಯೆಯಿಂದಲೂ ಎರಡು ವರ್ಷದ ರಿಟರ್ನ್ ಹೊಂದಿಸಿ ನೋಡಿದರು. ಹಾಗಾಗಿ 1990ರ ದಶಕದಿಂದ ಇವತ್ತಿನವರೆಗೆ ಒಂದೇ ಗೆರೆ ಎಳೆಯಬಾರದು. ನಾನು ಎಳೆದಿದ್ದೆ, ಆಮೇಲೆ ಅಲ್ಲೇ ಕತ್ತರಿಸಿದೆ.

ಇಷ್ಟೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಮ್ಮ ಮನಿ ನೀರಾಗ ಹೋದಾಗ ನಾವ್ ಎಲ್ಲಿ ಟ್ಯಾಕ್ಸ್ ಕಟ್ಟತಿದ್ವಿ? ಹಂಗಾರ ನಮ್ಮನ್ನ ಯಾರ್ ಎಣಿಸ್ತಾರಪ್ಪ?"

ಅವ್ವ ಕೇಳಿದ್ದು ಸರಿಯಾದ ಪ್ರಶ್ನೆ. ಅಮೆರಿಕದಲ್ಲೂ ಆದಾಯ ತೀರಾ ಕಡಿಮೆ ಇದ್ದವರು ರಿಟರ್ನ್ ಹಾಕಬೇಕಾಗಿಲ್ಲ. ಬರೀ ಸಾಮಾಜಿಕ ಭದ್ರತೆಯ ಪಿಂಚಣಿಯಲ್ಲಿ ಬದುಕುವ ಬಹಳಷ್ಟು ವಯಸ್ಸಾದವರೂ ಹಾಕೋದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಚ್ಚು ಕಳೆದುಕೊಂಡವರಲ್ಲಿ ಇಂಥವರು ಬಹಳ ಜನ. ಜನಗಣತಿ ಇಲಾಖೆ ತನ್ನ ಅಂದಾಜಿನಲ್ಲಿ 65 ದಾಟಿದವರಿಗೆ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಪಟ್ಟಿ ಬಳಸುವುದು ಇದಕ್ಕೇ. ನಾನು ಜನಗಣತಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. 2000ದಲ್ಲಿ ಆ ನಗರದ ಜನಸಂಖ್ಯೆ 4,84,674. 2010ರಲ್ಲಿ 3,43,829.

ನನ್ನ ನಕ್ಷೆಯ ಕೆಳಗೆ ಈಗ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಇದು ಎರಡೂ ವರ್ಷ ರಿಟರ್ನ್ ಹಾಕಿದವರ ಲೆಕ್ಕ, ಹಾಕದವರು ಇದರಲ್ಲಿ ಇಲ್ಲ. ಸದ್ಯ ಒಳಬಂದವರ ಫೈಲ್ ತೆರೆದು ಕೂತಿದ್ದೇನೆ. ಹ್ಯಾರಿಸ್‌ನಿಂದ ಆರ್ಲಿಯನ್ಸ್‌ಗೆ ವಾಪಸ್ ಹೋದವರನ್ನು 2006-07ರಿಂದ ಒಂದೊಂದೇ ವರ್ಷ ಎಣಿಸುತ್ತಿದ್ದೇನೆ.