ದೇಣಿಗೆ ತಂದವರನ್ನೂ ಕೊಟ್ಟವರನ್ನೂ ಗುರುತಿಸುವುದು ಹೇಗೆ?

ದೇಣಿಗೆ ಸಂಗ್ರಹಕ್ಕೆ ಹೊರಟವರು ದಿನವಿಡೀ ಕೇಳುವುದು ಹೆಚ್ಚಾಗಿ ‘ಈಗ ಆಗುವುದಿಲ್ಲ’, ‘ಆಮೇಲೆ ನೋಡೋಣ’ ಎಂಬ ಮಾತುಗಳನ್ನೇ. ಸಂಜೆ ಕಚೇರಿಗೆ ಮರಳಿದಾಗ ಅವರಿಗೆ ಎದುರಾಗುವ ಮೊದಲ ಪ್ರಶ್ನೆಯೂ ‘ಎಷ್ಟು ಬಂತು?’ ಎಂದಾದರೆ, ಅವರು ಪಟ್ಟ ಶ್ರಮವೆಲ್ಲ ಒಂದು ಅಂಕಿಗೆ ಇಳಿದುಬಿಡುತ್ತದೆ. ಸೇವಾ ಸಂಸ್ಥೆಗಳು ತಮ್ಮ ಕಾರ್ಯಕರ್ತರನ್ನೂ ದಾನಿಗಳನ್ನೂ ಗುರುತಿಸುವ ಕ್ರಮವನ್ನು ಈ ಪ್ರಶ್ನೆಯನ್ನು ಬದಲಿಸುವುದರಿಂದಲೇ ಆರಂಭಿಸಬೇಕು.

ಯಾವುದನ್ನು ಮೆಚ್ಚಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಸಂಗ್ರಹವಾದ ಮೊತ್ತ ಬಹುಪಾಲು ಅದೃಷ್ಟವನ್ನು ಅವಲಂಬಿಸಿರುತ್ತದೆ. ಒಬ್ಬ ಸಿರಿವಂತ ದಾನಿ ಸಿಕ್ಕವರಿಗೆ ಒಂದೇ ದಿನದಲ್ಲಿ ಗುರಿ ಮುಟ್ಟಲು ಸಾಧ್ಯ. ಆದ್ದರಿಂದ ಒಂದು ಪುಸ್ತಕವಿಟ್ಟು, ಎಷ್ಟು ಜನರನ್ನು ಭೇಟಿಯಾದರು, ಕೈಬಿಟ್ಟುಹೋಗಿದ್ದ ಯಾವ ದಾನಿಯನ್ನು ಮತ್ತೆ ಮಾತನಾಡಿಸಿದರು, ಹೊಸಬರಿಗೆ ಯಾರು ಕೆಲಸ ಕಲಿಸಿದರು ಎಂಬುದನ್ನೂ ಬರೆದಿಡಿ.

ಎರಡನೆಯದಾಗಿ, ಹಣ ತಲುಪಿದವರ ಮುಖವನ್ನು ಹಣ ತಂದವರಿಗೆ ತೋರಿಸಿ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ. ಮನೋವಿಜ್ಞಾನಿ ಆಡಮ್ ಗ್ರಾಂಟ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿಶ್ವವಿದ್ಯಾಲಯವೊಂದಕ್ಕಾಗಿ ಫೋನ್ ಮೂಲಕ ದೇಣಿಗೆ ಕೇಳುತ್ತಿದ್ದವರು ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯೊಂದಿಗೆ ಕೆಲವೇ ನಿಮಿಷ ಮಾತನಾಡಿದ್ದರು. ಒಂದು ತಿಂಗಳ ನಂತರ ಅವರು ಫೋನ್‌ನಲ್ಲಿ ಕಳೆಯುವ ಸಮಯ ಶೇ 142ರಷ್ಟು, ಸಂಗ್ರಹಿಸಿದ ಹಣ ಶೇ 171ರಷ್ಟು ಹೆಚ್ಚಿತ್ತು. ಇಂಥ ಭೇಟಿಗೆ ಖರ್ಚೇನೂ ಇಲ್ಲ. ಆದರೆ ನೆರವು ಪಡೆದವರು ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ ಕರೆಯಬೇಕು; ಅವರನ್ನು ಪ್ರದರ್ಶನಕ್ಕಿಡುವುದು ಸಲ್ಲದು.

ಇನ್ನು ಕೃತಜ್ಞತೆಯ ಮಾತು. ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂಬ ಅಚ್ಚಿನ ವಾಕ್ಯವನ್ನು ಯಾರೂ ನೆನಪಿಡುವುದಿಲ್ಲ. ‘ಮೂರು ಸಲ ಫೋನ್ ಎತ್ತದ ಆ ಹಿರಿಯರನ್ನು ನೀವು ಕೈಬಿಡಲಿಲ್ಲ, ಈ ವರ್ಷವೂ ಹತ್ತು ಮಕ್ಕಳ ಪುಸ್ತಕದ ಖರ್ಚು ಅವರದೇ’ ಎಂದು ಎರಡು ಸಾಲು ಕೈಬರಹದಲ್ಲಿ ಬರೆದುಕೊಟ್ಟರೆ, ತನ್ನ ಕೆಲಸವನ್ನು ಯಾರೋ ಗಮನಿಸಿದ್ದಾರೆ ಎಂಬುದು ಓದಿದವರಿಗೆ ತಿಳಿಯುತ್ತದೆ. ಸಂಸ್ಥೆಯ ಮುಖ್ಯಸ್ಥರೇ ಬಂದು ಇದನ್ನು ಹೇಳಿದರೆ ಇನ್ನೂ ಒಳ್ಳೆಯದು. ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ 2010ರಲ್ಲಿ ವರದಿ ಮಾಡಿದಂತೆ, ಮೇಲಧಿಕಾರಿಯ ಕೃತಜ್ಞತೆಯ ನಾಲ್ಕು ಮಾತು ಕೇಳಿದ ಸಂಗ್ರಾಹಕರು ಮುಂದಿನ ವಾರ ಮಾಡಿದ ಕರೆಗಳು ಸುಮಾರು ಶೇ 50ರಷ್ಟು ಹೆಚ್ಚಾದವು.

ಹಣದ ಬಹುಮಾನದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅರ್ಥಶಾಸ್ತ್ರಜ್ಞರಾದ ಉರಿ ನೀಜಿ ಮತ್ತು ಆಲ್ಡೊ ರುಸ್ಟಿಚಿನಿ 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮನೆಮನೆಗೆ ಹೋಗಿ ದೇಣಿಗೆ ಕೇಳಿದ ವಿದ್ಯಾರ್ಥಿಗಳ ಒಂದು ಗುಂಪಿಗೆ ಏನೂ ಕೊಡಲಿಲ್ಲ, ಇನ್ನೊಂದಕ್ಕೆ ಸಂಗ್ರಹದ ಶೇ 1ಕ್ಕೆ ಸಮನಾದ ಹಣ, ಮತ್ತೊಂದಕ್ಕೆ ಶೇ 10ಕ್ಕೆ ಸಮನಾದ ಹಣ ಕೊಟ್ಟರು. ಹೆಚ್ಚು ತಂದವರು ಏನೂ ಪಡೆಯದವರು. ತೀರಾ ಕಡಿಮೆ ತಂದವರು ಶೇ 1 ಪಡೆದವರು. ಪುಡಿಗಾಸು ಕೈಗೆ ಬಂದ ಕೂಡಲೇ ಸೇವೆ ಕೂಲಿಯಾಗುತ್ತದೆ, ಆ ಕೂಲಿಯೂ ಸಾಲದೆನಿಸುತ್ತದೆ. ಸಂಬಳಕ್ಕೆ ದುಡಿಯುವವರಿಗೆ ನ್ಯಾಯವಾದ, ನಿಗದಿತ ಸಂಬಳವನ್ನೇ ಕೊಡಿ, ಕಮಿಷನ್ ಬೇಡ. ‘ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್’ ಎಂಬ, ದೇಣಿಗೆ ಸಂಗ್ರಹವೇ ವೃತ್ತಿಯಾದವರ ಸಂಘಟನೆಯ ನೀತಿಸಂಹಿತೆಯೂ ಸಂಗ್ರಹದ ಶೇಕಡಾವಾರು ಸಂಭಾವನೆಯನ್ನು ನಿಷೇಧಿಸಿದೆ. ಸ್ವಯಂಸೇವಕರಿಗೆ ತರಬೇತಿ, ಹೊಸ ಜವಾಬ್ದಾರಿ, ನಿರ್ಧಾರ ಕೈಗೊಳ್ಳುವ ಸಭೆಯಲ್ಲೊಂದು ಕುರ್ಚಿ, ಇವೇ ತಕ್ಕ ಮನ್ನಣೆ.

ದಾನಿಗಳಿಗೆ ರಸೀದಿ ಬೇಗ ಸಿಗಬೇಕು, ಅದರಲ್ಲಿ ಹೆಸರು ತಪ್ಪಿಲ್ಲದೆ ಇರಬೇಕು. ಫಲಕದಲ್ಲಿ ಹೆಸರು ಹಾಕುವ ಮುನ್ನ ಅವರನ್ನು ಕೇಳಿ. ಗುಪ್ತದಾನ ಬಯಸುವವರಿಗೆ ಸನ್ಮಾನವೇ ಹಿಂಸೆ. ‘ಇಷ್ಟು ಕೊಟ್ಟರೆ ಈ ಉಡುಗೊರೆ’ ಎಂದು ಮುಂಚಿತವಾಗಿ ಸಾರಬೇಡಿ. ಹಾಗೆ ಸಾರಿದರೆ ದೇಣಿಗೆ ತಗ್ಗಬಹುದು ಎಂದು 2012ರ ಅಧ್ಯಯನವೊಂದು ತೋರಿಸಿದೆ. ಧನ್ಯವಾದದ ಕರೆಯನ್ನು ಮುಂದಿನ ದೇಣಿಗೆಗೆ ಗಾಳವಾಗಿಯೂ ಬಳಸಬೇಡಿ. ಲಕ್ಷಾಂತರ ದಾನಿಗಳನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಅಂಥ ಕರೆಗಳಿಂದ ಮರುವರ್ಷದ ದೇಣಿಗೆ ಹೆಚ್ಚಲಿಲ್ಲ. ಆದರೂ ಕರೆ ಮಾಡಿ, ಏಕೆಂದರೆ ಅದು ಅವರಿಗೆ ಸಲ್ಲಬೇಕಾದದ್ದು.

ತಿಂಗಳ ಕೊನೆಗೆ ಆ ಪುಸ್ತಕವನ್ನು ಮತ್ತೆ ತೆರೆಯಿರಿ. ಲೆಕ್ಕ ಬರೆದವರು, ಲಕೋಟೆ ಅಂಟಿಸಿದವರು, ಪ್ರತಿ ತಿಂಗಳೂ ಸಣ್ಣ ಮೊತ್ತವನ್ನು ತಪ್ಪದೆ ಕಳಿಸುವವರು, ಹೀಗೆ ಯಾರ ಹೆಸರಿನ ಮುಂದೆ ಏನೂ ಬರೆದಿಲ್ಲವೋ ಅವರಿಗೆ ಮೊದಲ ಫೋನ್ ಮಾಡಿ.