ಅಟೆಂಡೆನ್ಸ್ ಬೋನಸ್ ಮತ್ತು ನೀರಿನ ಬಾಟಲಿ

ಬೆಂಗಳೂರಿನ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಕಲ್ಯಾಣಾಧಿಕಾರಿಯಾಗಿದ್ದಾಗ, ಬೌದ್ಧಿಕ ಅಸಾಮರ್ಥ್ಯ ಇದ್ದವರನ್ನೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವರನ್ನೂ ಕೆಲಸಕ್ಕೆ ತೆಗೆದುಕೊಂಡೆವು. ಕೆಲವೇ ತಿಂಗಳಲ್ಲಿ ಅವರು ಒಬ್ಬೊಬ್ಬರಾಗಿ ಬಿಟ್ಟುಹೋಗತೊಡಗಿದರು. ‘ಅವರ ಕೈಲಿ ಆಗಲ್ಲ ಸರ್’ ಎಂಬ ಸೂಪರ್‌ವೈಸರ್‌ಗಳ ಮಾತನ್ನು ನಾನೂ ಕೆಲಕಾಲ ನಂಬಿದ್ದೆ. ಬಿಟ್ಟವರ ಮನೆಗೆ ಹೋಗಿ ಕೇಳಿದಾಗ ತಿಳಿದದ್ದೇ ಬೇರೆ.

ಕಾಲರ್ ಹೊಲಿಯುವುದರಲ್ಲಿ ನುರಿತಿದ್ದ ಟೈಲರ್ ಒಬ್ಬರು ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೊರಳುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ನುಂಗುತ್ತಿದ್ದರು. ಆ ಮಾತ್ರೆಯಿಂದ ಬಾಯಾರಿಕೆ ಹೆಚ್ಚುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಸೆಕೆಯಲ್ಲಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ಜೀವಕ್ಕೇ ಅಪಾಯವಾಗಬಹುದು. ಗಂಟೆಗಂಟೆಗೂ ಪೀಸು ಎಣಿಸುವ ಲೈನಿನಲ್ಲಿ ಎದ್ದಾಗಲೆಲ್ಲ ಬೈಗುಳ ಕೇಳಬೇಕಾಗಿದ್ದರಿಂದ ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕೈನಡುಕ ಹೆಚ್ಚಿ ಹೊಲಿಗೆ ಸೊಟ್ಟಗಾಗುತ್ತಿತ್ತು. ಸಾಲದ್ದಕ್ಕೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದ ತಪ್ಪಿಗೆ ಆ ದಿನದ ಸಂಬಳದ ಜೊತೆಗೆ ಇಡೀ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತಿತ್ತು.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆನ್ನುತ್ತದೆ. ಅದನ್ನೇ ಮುಂದಿಟ್ಟು, ಆಸ್ಪತ್ರೆಯ ಚೀಟಿ ತಂದ ದಿನವನ್ನು ಹಾಜರಿ ಎಂದೇ ಬರೆಯುವಂತೆ ಆಡಳಿತವನ್ನು ಒಪ್ಪಿಸಿದೆ. ಮಷಿನ್ ಪಕ್ಕದಲ್ಲಿ ನೀರಿನ ಬಾಟಲಿ ಇಡುವ ಅನುಮತಿಯನ್ನು ಇಡೀ ಲೈನಿಗೇ ಕೊಡಿಸಿದೆವು. ಆಕೆಯೊಬ್ಬರಿಗೇ ಕೊಟ್ಟಿದ್ದರೆ ಕಾಯಿಲೆಯ ವಿಷಯ ಎಲ್ಲರ ಬಾಯಿಗೂ ಬೀಳುತ್ತಿತ್ತು. ಆಕೆ ಮರಳಿ ಬಂದರು.

ದಾರ ಕತ್ತರಿಸುವ ಟೇಬಲ್ಲಿನಲ್ಲಿದ್ದ ಬೌದ್ಧಿಕ ಅಸಾಮರ್ಥ್ಯದ ಹುಡುಗನ ಕಷ್ಟ ಇನ್ನೊಂದು ಬಗೆಯದು. ಒಂದೇ ಸ್ಟೈಲ್, ಅಂದರೆ ಒಂದೇ ಮಾದರಿಯ ಉಡುಪು, ನಡೆಯುವಷ್ಟು ದಿನ ಅವನ ಕೆಲಸದಲ್ಲಿ ತಪ್ಪು ಹುಡುಕುವುದೇ ಕಷ್ಟವಾಗಿತ್ತು. ಸ್ಟೈಲ್ ಬದಲಾದ ದಿನ ಕೂಗಿ ಹೇಳಿದ್ದು ತಿಳಿಯದೆ ದಾರದ ಜೊತೆ ಹೊಲಿಗೆಯನ್ನೂ ಕತ್ತರಿಸಿಬಿಡುತ್ತಿದ್ದ. ಸರಿಯಾದ ಒಂದು ಪೀಸನ್ನು ಅವನ ಕಣ್ಣೆದುರು ತೂಗುಹಾಕಿ, ಪಕ್ಕದ ಅಕ್ಕನೊಬ್ಬರೇ ತೋರಿಸಿಕೊಡಬೇಕೆಂದು ಗೊತ್ತುಮಾಡಿ, ಸ್ಟೈಲ್ ಬದಲಾದಾಗಲೆಲ್ಲ ಮೊದಲ ಎರಡು ದಿನ ಅವನಿಗೆ ಟಾರ್ಗೆಟ್ ಇಲ್ಲವೆಂದೆವು. ಮಾದರಿಯ ಅಂಚಿನ ಮೇಲೆ ಬೆರಳಾಡಿಸಿ, ಆಮೇಲೆ ತನ್ನ ಕೈಲಿದ್ದುದರ ಮೇಲೂ ಹಾಗೆಯೇ ಬೆರಳಾಡಿಸಿ, ಅವನು ತಾನೇ ಹೊಂದಿಸಿ ನೋಡಿಕೊಳ್ಳುತ್ತಿದ್ದ.

ಓಟಿಯ, ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ದುಡಿಮೆಯ, ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ನಿದ್ದೆ ಕೆಟ್ಟರೆ ಬೈಪೋಲಾರ್ ಕಾಯಿಲೆ ಮರುಕಳಿಸಬಹುದೆಂದು ಎಷ್ಟು ಹೇಳಿದರೂ ಶಿಪ್‌ಮೆಂಟ್ ವಾರದಲ್ಲಿ ಯಾರಿಗೂ ವಿನಾಯಿತಿ ಸಿಗುತ್ತಿರಲಿಲ್ಲ. ಅಂಥದ್ದೊಂದು ವಾರದ ನಂತರ ಆ ಟೈಲರ್ ಮತ್ತೆ ಆಸ್ಪತ್ರೆ ಸೇರಿದರು.